ಗುಳಿಗೆ ಬಿಡಿಸುವ ಬಂಧುಗಳಿಗೆ



ಈ ಸಲ ಹಳೆಯ ನೆನಪುಗಳನ್ನು ಬದಿಗಿರಿಸಿ ಒಂದು ಜಗಳವನ್ನು ಕೈಗೆತ್ತಿಕೊಂಡಿದ್ದೇನೆ. ಜಗಳ ಹೊರಗಿನವರೊಡನೆ ಅಲ್ಲ, ನಿಮ್ಮೊಡನೆಯೇ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ನಮ್ಮ ಸೀಮೆಯಲ್ಲಿ ಮದುವೆ, ಕುಬಸ, ಜಾತ್ರೆ, ದಿನಕರ್ಮ ಯಾವುದೇ ಇರಲಿ, ನಾಲ್ಕು ಜನ ಕೂಡಿದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಕೂಡಿದವರಲ್ಲಿ ಒಬ್ಬರು ಮನೋರೋಗಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾರೆಂದು ತಿಳಿದರೆ ಸಾಕು, ಹಿರಿಯರೊಬ್ಬರು ಪ್ರೀತಿಯಿಂದ ಬೆನ್ನು ತಟ್ಟಿ, "ಈಗೇನಾಗೇತಿ ನಿನಗ? ಛಲೋ ಅದಿಯಲ್ಲ! ಇನ್ನೂ ಯಾಕ ಆ ಗುಳಿಗಿ ನುಂಗತಿ?" ಎನ್ನುತ್ತಾರೆ. ಈ ಮಾತಿನಲ್ಲಿ ದ್ವೇಷವಿಲ್ಲ, ಕಪಟವಿಲ್ಲ, ನಿಜವಾದ ಅಂತಃಕರಣವೇ ಇದೆ. ಆದರೂ ಇದಕ್ಕಿಂತ ಹೆಚ್ಚು ಸಂಸಾರಗಳನ್ನು ಕಂಗೆಡಿಸಿದ ಹಿತವಚನವನ್ನು ನಾನು ಕಂಡಿಲ್ಲ.

ಬೈಪೋಲಾರ್ ಎಂಬ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಹಿಂದೆ ಇದನ್ನು ಉನ್ಮಾದ-ಖಿನ್ನತೆಯ ಕಾಯಿಲೆ ಎನ್ನುತ್ತಿದ್ದರು. ಕೆಲವು ವಾರ ಅಥವಾ ತಿಂಗಳು ಮನಸ್ಸು ಲಂಗುಲಗಾಮಿಲ್ಲದೆ ಏರುತ್ತದೆ: ನಿದ್ರೆ ಬೇಡ, ಮಾತು ನಿಲ್ಲದು, ಸಾಲ ಮಾಡಿ ಖರ್ಚು ಮಾಡುವ ಧೈರ್ಯ, ತನ್ನಿಂದಾಗದ ಕೆಲಸವೇ ಇಲ್ಲವೆಂಬ ಭಾವ. ಇನ್ನು ಕೆಲವು ತಿಂಗಳು ಅದೇ ಮನಸ್ಸು ಪಾತಾಳಕ್ಕೆ ಇಳಿಯುತ್ತದೆ: ಹಾಸಿಗೆ ಬಿಟ್ಟೇಳಲಾಗದು, ಊಟ ರುಚಿಸದು, ಬದುಕೇ ಬೇಡವೆನಿಸುತ್ತದೆ. ಇವೆರಡರ ನಡುವೆ ರೋಗಿ ನಮ್ಮ ನಿಮ್ಮಂತೆಯೇ ಇರುವ ದೀರ್ಘ ಅವಧಿಗಳೂ ಉಂಟು. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾವಿರ ವಯಸ್ಕರಲ್ಲಿ ಸುಮಾರು ಮೂವರಿಗೆ ಈ ಕಾಯಿಲೆ ಇದೆ. ಅವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲ. ಲೆಕ್ಕ ಹಾಕಿ ನೋಡಿ: ಮೂರು ಸಾವಿರ ವಯಸ್ಕರಿರುವ ಊರಿನಲ್ಲಿ ಒಂಬತ್ತು ರೋಗಿಗಳು, ಅವರಲ್ಲಿ ಔಷಧ ಕಂಡವರು ಇಬ್ಬರೋ ಮೂವರೋ. ಆ ಇಬ್ಬರು ಮೂವರನ್ನೂ ಔಷಧದಿಂದ ಬಿಡಿಸುವ ಉತ್ಸಾಹ ನಮಗೇಕೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಅವಳ ಪತಿಗೆ ಈ ಕಾಯಿಲೆ. ಐದು ವರ್ಷ ನಿಯಮಿತವಾಗಿ ಔಷಧ ತೆಗೆದುಕೊಂಡು, ಅಂಗಡಿ ನಡೆಸಿಕೊಂಡು ನೆಮ್ಮದಿಯಿಂದಿದ್ದರು. ಒಂದು ಮದುವೆಯ ಹಂದರದಲ್ಲಿ ಕೂಡಿದ ಬಂಧುಗಳು ಮೇಲಿನ ಹಿತವಚನ ಹೇಳಿದರು. ಮೊದಲೇ ಬೇಸತ್ತಿದ್ದ ಅವರು ಮರುದಿನವೇ ಗುಳಿಗೆಗಳನ್ನು ನಿಲ್ಲಿಸಿದರು. ಮೊದಲ ಮೂರು ವಾರ ಎಲ್ಲರಿಗೂ ಸಂತೋಷ. ಕೈನಡುಕ ಹೋಯಿತು, ಮುಖಕ್ಕೆ ಕಳೆ ಬಂತು, ನಗು ಮರಳಿತು. ಏಳನೆಯ ವಾರಕ್ಕೆ ರಾತ್ರಿಯ ನಿದ್ರೆ ಎರಡು ತಾಸಿಗೆ ಇಳಿಯಿತು. ಹತ್ತನೆಯ ವಾರಕ್ಕೆ ಹೊಲವನ್ನು ಒತ್ತೆ ಇಟ್ಟು ಹೊಸ ವ್ಯಾಪಾರ ಆರಂಭಿಸಿದ್ದರು. ತಡೆಯಹೋದ ಹೆಂಡತಿಯ ಮೇಲೆ ಕೈ ಎತ್ತಿದರು. ಆಗ ಆ ಹಿತೈಷಿಗಳು ಎಲ್ಲಿದ್ದರು? ಅವರಲ್ಲೊಬ್ಬರು ಫೋನ್ ಮಾಡಿ, "ಗಂಡನ್ನ ಸಂಭಾಳಸಾಕ ಬರಲಿಲ್ಲ ನಿನಗ" ಎಂದರಂತೆ. ಅವಳು ನನಗೆ ಹೇಳಿದ ಮಾತು ಇದು: "ಸರ್, ಗುಳಿಗಿ ತಗೋರಿ ಅಂದ ನಾನು ವೈರಿ ಆದೆ. ಬಿಡು ಅಂದವರು ಬಂಧುಗಳಾದರು. ಅವರೆಲ್ಲ ಉಂಡು ಊರಿಗೆ ಹೋದರು, ರಾತ್ರಿ ಕಾಯಾಕ ಉಳಿದಾಕಿ ನಾನೊಬ್ಬಾಕಿ."

ನನ್ನ ವಾದವೂ ಇಷ್ಟೇ. ಔಷಧ ಬಿಡುವ ಆಸೆ ರೋಗಿಯದು. ಆ ಆಸೆಗೆ ಬಲ ತುಂಬುವವರು ನಾವು. ಫಲ ಉಣ್ಣುವವರು ಆ ಮನೆಯ ಹೆಂಡತಿ ಅಥವಾ ಗಂಡ. ರಾತ್ರಿ ಕಾಯಲು ಸಿದ್ಧರಿಲ್ಲದವರಿಗೆ ಹಗಲು ಸಲಹೆ ಕೊಡುವ ಅಧಿಕಾರವಿಲ್ಲ. ನೀವು ಹೇಳುವ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

"ಗುಣವಾದ ಮೇಲೆ ಔಷಧವೇಕೆ?" ಎಂಬುದು ಮೊದಲನೆಯದು. ಜ್ವರದ ಔಷಧಕ್ಕೆ ಈ ಪ್ರಶ್ನೆ ಒಪ್ಪುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ಔಷಧದ ಮುಖ್ಯ ಕೆಲಸವೆಂದರೆ ಮುಂದಿನ ಏರಿಳಿತ ಬಾರದಂತೆ ತಡೆಯುವುದು. ಹುನಗುಂದದ ಎರೆಹೊಲಗಳ ಒಡ್ಡುಗಳನ್ನು ನೀವೆಲ್ಲ ಬಲ್ಲಿರಿ. ಎರಡು ವರ್ಷ ಮಣ್ಣು ಕೊಚ್ಚಿಹೋಗಲಿಲ್ಲವೆಂದು ಯಾವ ಒಕ್ಕಲಿಗನೂ ಒಡ್ಡು ಒಡೆಯುವುದಿಲ್ಲ. ಮಣ್ಣು ಉಳಿದದ್ದು ಒಡ್ಡಿನಿಂದಲೇ ಎಂಬುದು ಅವನಿಗೆ ಗೊತ್ತು. ಮನುಷ್ಯನ ವಿಷಯದಲ್ಲಿ ಮಾತ್ರ ನಮಗೆ ಈ ವಿವೇಕ ತಪ್ಪುತ್ತದೆ. ಲಿಥಿಯಂ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಮುಂದಿನ ಕೆಲವೇ ತಿಂಗಳುಗಳಲ್ಲಿ ಕಾಯಿಲೆ, ಅದರಲ್ಲಿಯೂ ಉನ್ಮಾದ, ಮರಳುವ ಸಂಭವ ಬಹಳ ಹೆಚ್ಚು. ನಿಧಾನವಾಗಿ ಇಳಿಸಿದರೆ ಆ ಅಪಾಯ ತಗ್ಗುತ್ತದೆ. ಇದು ದಶಕಗಳಿಂದ ವೈದ್ಯಲೋಕಕ್ಕೆ ತಿಳಿದ ಸಂಗತಿ. ಇಲ್ಲಿರುವ ದೊಡ್ಡ ಮೋಸವೆಂದರೆ, ಏರತೊಡಗಿದ ಉನ್ಮಾದ ಆರಂಭದಲ್ಲಿ ಆರೋಗ್ಯದಂತೆಯೇ ಕಾಣುತ್ತದೆ. ಉತ್ಸಾಹ, ನಗು, ಬೆಳಗಿನ ಜಾವದಲ್ಲೇ ಎದ್ದು ದುಡಿಯುವ ಹುರುಪು ಇವನ್ನೆಲ್ಲ ಕಂಡು "ನೋಡ್ರಿ, ಗುಳಿಗಿ ಬಿಟ್ಟ ಮ್ಯಾಲೆ ಹೆಂಗ ಆರಾಮ ಆದ" ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ನಿದ್ರೆ ಕಡಿಮೆಯಾದುದನ್ನು ಗಮನಿಸುವವಳು ಪಕ್ಕದಲ್ಲಿ ಮಲಗಿದ ಹೆಂಡತಿ ಮಾತ್ರ. ಅವಳು ಬಾಯಿ ತೆರೆದರೆ "ನಿನಗ ಅಂವ ನಕ್ಕರೂ ರೋಗನ ಕಾಣತೈತಿ" ಎನ್ನುತ್ತೇವೆ.

ಎರಡನೆಯದು, "ಅದೊಂದು ಚಟ, ಗುಳಿಗೆಗೆ ದಾಸನಾಗುತ್ತಾನೆ" ಎಂಬ ಮಾತು. ಚಟವೆಂದರೇನು ಎಂಬುದನ್ನು ನಮ್ಮ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಹಣ ಬೇಡದೆ, "ನಿಮ್ಮ ದುಶ್ಚಟಗಳನ್ನು ಹಾಕಿರಿ" ಎಂದು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆನಿಸಿದೆ. ಆ ಜೋಳಿಗೆಗೆ ಬಿದ್ದದ್ದು ಸಾರಾಯಿ, ಬೀಡಿ, ತಂಬಾಕು, ಗುಟಕಾ. ಅವು ಬುದ್ಧಿಯನ್ನು ಕಸಿಯುವ ವಸ್ತುಗಳು. ಲಿಥಿಯಂ ಬುದ್ಧಿಯನ್ನು ಸ್ಥಿಮಿತದಲ್ಲಿಡುವ ವಸ್ತು. ಅದರಿಂದ ಅಮಲಿಲ್ಲ, ಹೆಚ್ಚು ಬೇಕೆಂಬ ಹಂಬಲವಿಲ್ಲ. ಹಂಬಲವಿದ್ದಿದ್ದರೆ ಬಿಡುತ್ತೇನೆಂದು ರೋಗಿ ಹಟ ಹಿಡಿಯುತ್ತಿದ್ದನೇ? ನಮ್ಮ ವಿಪರೀತ ನೋಡಿ. ಗುಳಿಗೆ ಬಿಡು ಎಂದು ಉಪದೇಶಿಸಿದ ಬಂಧುವೇ ಅದೇ ಸಂಜೆ "ಇವತ್ತೊಂದಿನ ಏನಾಗಂಗಿಲ್ಲ" ಎಂದು ಅವನ ಕೈಗೆ ಗ್ಲಾಸು ಕೊಡುತ್ತಾನೆ. ಈ ಕಾಯಿಲೆಯವರಿಗೆ ಮದ್ಯ ನಿದ್ರೆಯನ್ನೂ ಕೆಡಿಸುತ್ತದೆ, ಮನಸ್ಸನ್ನೂ ಕೆಡಿಸುತ್ತದೆ. ಜೋಳಿಗೆಗೆ ಹಾಕಬೇಕಾದುದನ್ನು ಕೈಗೆ ಕೊಟ್ಟು, ಕೈಯಲ್ಲಿರಬೇಕಾದುದನ್ನು ಜೋಳಿಗೆಗೆ ಹಾಕಿಸುತ್ತಿದ್ದೇವೆ.

ಮೂರನೆಯದು, "ಕಿಡ್ನಿ ಹಾಳಾಗುತ್ತದೆ" ಎಂಬ ಭಯ. ಇದರಲ್ಲಿ ಸತ್ಯಾಂಶವಿದೆ, ಆದುದರಿಂದಲೇ ಅರೆಬರೆ ತಿಳಿವಳಿಕೆ ಅಪಾಯಕರ. ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನೆನಪಿದೆಯೇ? ಆವರ್ತ ಕೋಷ್ಟಕದ ಆ ಮೂರನೆಯ ಮೂಲವಸ್ತುವಿನ ಲವಣ ಉನ್ಮಾದವನ್ನು ತಗ್ಗಿಸುವುದನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಮುಕ್ಕಾಲು ಶತಮಾನ ಕಳೆದರೂ ಅದು ಬಳಕೆಯಲ್ಲಿರುವುದಕ್ಕೆ ಕಾರಣ, ಅದು ಕಾಯಿಲೆ ಮರಳುವುದನ್ನು ತಡೆಯುವುದಲ್ಲದೆ ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ಒಳಗೆ ಇರಬೇಕು; 1.5 ದಾಟಿದರೆ ವಿಷವಾಗಬಹುದು. ವರ್ಷಗಟ್ಟಲೆ ಸೇವಿಸಿದಾಗ ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗೆ ತೊಂದರೆಯಾಗುವ ಸಾಧ್ಯತೆಯೂ ಇದೆ. ಇದಕ್ಕೆ ಪರಿಹಾರ ನಿಯಮಿತ ರಕ್ತಪರೀಕ್ಷೆ.

ಮೂತ್ರಪಿಂಡ ಲಿಥಿಯಮನ್ನು ಬಹುಮಟ್ಟಿಗೆ ಸೋಡಿಯಂನಂತೆಯೇ ಕಾಣುತ್ತದೆ. ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಸೋಡಿಯಮನ್ನು ಹಿಡಿದಿಡುವ ಭರದಲ್ಲಿ ಲಿಥಿಯಮನ್ನೂ ಹಿಡಿದಿಡುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನೀರಿಲ್ಲದೆ ದುಡಿಯುವುದು, ಶ್ರಾವಣದ ನಿರಾಹಾರ ಉಪವಾಸ, ಥಟ್ಟನೆ ಉಪ್ಪು ಬಿಡುವ ಪಥ್ಯ, ವಾಂತಿಭೇದಿ, ಔಷಧ ಅಂಗಡಿಯಿಂದ ಕೇಳಿ ತಂದ ಕೀಲುನೋವಿನ ಗುಳಿಗೆ ಇವೆಲ್ಲ ಲಿಥಿಯಂ ಸೇವಿಸುವವರಿಗೆ ಅಪಾಯ. ಕೈ ಜೋರಾಗಿ ನಡುಗತೊಡಗಿದರೆ, ನಡೆ ತೂರಾಡಿದರೆ, ಮಾತು ತೊದಲಿದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಿಡ್ನಿಯ ಚಿಂತೆ ನಿಮಗೆ ನಿಜವಾಗಿ ಇದ್ದರೆ "ಹೋದ ಸಲ ರಕ್ತ ತಪಾಸಣೆ ಯಾವಾಗ ಮಾಡಿಸಿದಿರಿ?" ಎಂದು ಕೇಳಿರಿ. ಈ ಪ್ರಶ್ನೆ ಕೇಳಿದ ಬಂಧುವನ್ನು ನಾನು ಇದುವರೆಗೆ ಕಂಡಿಲ್ಲ.

ನಾಲ್ಕನೆಯದು ದೇವರ ಮಾತು. ಬನಶಂಕರಿಗೆ ಹೋಗಬೇಡಿ, ಗಾಣಗಾಪುರಕ್ಕೆ ಹೋಗಬೇಡಿ ಎನ್ನುವವನು ನಾನಲ್ಲ. ದೇವರ ಸನ್ನಿಧಿಯಲ್ಲಿ ಮನಸ್ಸಿಗೆ ಸಮಾಧಾನ ದೊರೆಯುವುದಾದರೆ ಗುಳಿಗೆಯ ಚೀಲವನ್ನೂ ಜೊತೆಗೆ ಒಯ್ಯಿರಿ. ಆದರೆ ಚಿಕಿತ್ಸೆಯನ್ನು ಬಿಡಿಸಿ ದೇವಸ್ಥಾನಕ್ಕೋ ದರ್ಗಾಕ್ಕೋ ಕಟ್ಟಿಹಾಕುವುದು ಭಕ್ತಿಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಶ್ರಯ ಅರಸಿ ಬಂದವರಿಗಾಗಿ ನಡೆಸುತ್ತಿದ್ದ ಒಂದು ಗುಡಿಸಲು ಹೊತ್ತಿ ಉರಿದಾಗ, ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಹಿಂದೆ "ಆಸ್ಪತ್ರೆ ದೂರ, ಗುಡಿ ಹತ್ತಿರ" ಎನ್ನುವುದಕ್ಕೆ ಅರ್ಥವಿತ್ತು. "ಧಾರವಾಡಕ್ಕೆ ಕಳಿಸಬೇಕು" ಎಂದರೆ ನಗೆಯಾಡುವ ಮಾತಾಗಿತ್ತು. ಆದರೆ ಇದೇ ಉತ್ತರ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ 1985ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿಯಲ್ಲಿಯೇ ಔಷಧ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಬಾಗಲಕೋಟೆಯ ನವನಗರದಲ್ಲಿಯೇ ಮನೋವೈದ್ಯರಿದ್ದಾರೆ. ದೂರದ ನೆಪ ಇನ್ನು ಸಲ್ಲದು.

ಇಷ್ಟು ಹೇಳಿದ ಮೇಲೆ ಪಾಲಕರ ಕಡೆಗೂ ತಿರುಗಬೇಕು. ಔಷಧ ಬಿಡಬೇಕೆನ್ನುವ ಗಂಡನನ್ನೋ ಹೆಂಡತಿಯನ್ನೋ ಸಂಭಾಳಿಸುವುದು ಹೇಗೆಂದು ತಿಳಿಯದೆ, ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲಿಯೋ ಚಹದಲ್ಲಿಯೋ ಕದ್ದು ಬೆರೆಸುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಈ ದಾರಿಯನ್ನು ಒಪ್ಪಲಾರೆ. ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂಬ ಲೆಕ್ಕ ತಪ್ಪುತ್ತದೆ. ಅಡ್ಡಪರಿಣಾಮ ಕಾಣಿಸಿದರೆ ರೋಗಿಗೆ ಕಾರಣವೇ ತಿಳಿಯದು. ಒಂದು ದಿನ ಗೊತ್ತಾದರೆ ಹೆಂಡತಿ ಬಡಿಸಿದ ಅನ್ನವನ್ನೇ ಆತ ಸಂಶಯಿಸುತ್ತಾನೆ. ಆಮೇಲೆ ಔಷಧವೂ ಇಲ್ಲ, ದಾಂಪತ್ಯವೂ ಇಲ್ಲ.

ಬಿಡಬೇಕೆಂಬ ಆಸೆಗೆ ಕಾರಣಗಳಿರುತ್ತವೆ, ಅವನ್ನು ಹುಚ್ಚೆಂದು ತಳ್ಳಿಹಾಕಲಾಗದು. ತೂಕ ಏರುತ್ತದೆ, ಕೈ ನಡುಗಿ ಚಹದ ಬಟ್ಟಲು ತುಳುಕುತ್ತದೆ, ಮಂಪರು ಕವಿಯುತ್ತದೆ, ದಾಂಪತ್ಯಸುಖ ಕುಂದುತ್ತದೆ, ದಿನವೂ "ನಾನು ರೋಗಿ" ಎಂದು ನೆನಪಿಸುವ ಡಬ್ಬಿ ಕಣ್ಣೆದುರು ಇರುತ್ತದೆ. ಗರ್ಭಿಣಿಯಾಗಬಯಸುವ ಹೆಣ್ಣುಮಗಳಿಗಂತೂ ಪ್ರಶ್ನೆ ಇನ್ನೂ ಗಂಭೀರ. ಈ ಕಾಯಿಲೆಗೆ ಕೊಡುವ ವ್ಯಾಲ್‌ಪ್ರೋಯೇಟ್ ಎಂಬ ಔಷಧ ಗರ್ಭದ ಶಿಶುವಿಗೆ ಅಪಾಯಕಾರಿ; ಮುಂಚಿತವಾಗಿಯೇ ವೈದ್ಯರೊಡನೆ ಮಾತಾಡಿ ಬದಲಿಸಿಕೊಳ್ಳಬೇಕು. ಇಂಥ ಕಾರಣ ಕೇಳಿದಾಗ "ಸುಮ್ಮನ ನುಂಗು" ಎನ್ನುವುದು ಉತ್ತರವಾಗದು. ಪ್ರಮಾಣ ಇಳಿಸಬಹುದು, ಗುಳಿಗೆ ಬದಲಿಸಬಹುದು, ಸೇವಿಸುವ ವೇಳೆ ಬದಲಿಸಬಹುದು. ಬಿಡಲೇಬೇಕೆಂದರೂ ವೈದ್ಯರ ಕಣ್ಣೆದುರಿನಲ್ಲಿ ಹಂತಹಂತವಾಗಿ ಇಳಿಸುವ ದಾರಿಯಿದೆ. ಆದ್ದರಿಂದ ಗಂಡಹೆಂಡಿರು ಇಬ್ಬರೂ ಕೂಡಿಯೇ ವೈದ್ಯರ ಬಳಿಗೆ ಹೋಗಬೇಕು. "ಇವರು ಬಿಡಬೇಕಂತಾರ, ನನಗ ಅಂಜಿಕಿ ಐತಿ" ಎಂದು ಇಬ್ಬರೂ ತಮ್ಮ ತಮ್ಮ ಮಾತನ್ನು ಅಲ್ಲಿ ಆಡಲಿ.

ತ್ರಿವೇಣಿಯವರ 'ಶರಪಂಜರ'ವನ್ನು ನೀವು ಓದಿರದಿದ್ದರೂ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿರುತ್ತೀರಿ. ಕಲ್ಪನಾ ಅಭಿನಯಿಸಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಮರಳಿದವಳು. ಅವಳನ್ನು ಮತ್ತೆ ಕೆಡವಿದ್ದು ಸುತ್ತಲಿನವರ ಸಂಶಯ, ಪತಿಯ ನಡತೆ. ಅವಳ ನಗು, ಅವಳ ಸಿಟ್ಟು ಎಲ್ಲವೂ ಹುಚ್ಚಿನ ಲಕ್ಷಣವೆಂದು ಎಣಿಸಲ್ಪಟ್ಟವು. ಸಿಟ್ಟಿಗೆದ್ದ ರೋಗಿಗೆ "ಗುಳಿಗಿ ತಗೊಂಡಿ ಇಲ್ಲೋ?" ಎಂದು ಕೇಳುವವರು ನಾವೂ ಅದೇ ಪಂಜರ ಕಟ್ಟುತ್ತಿದ್ದೇವೆ. ಇಲ್ಲಿ ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ಬೇರೆ. ಗಂಡಸಿಗೆ ಕಾಯಿಲೆಯಾದರೆ ಹೆಂಡತಿ ಸಹಿಸಬೇಕು; ಹೆಂಗಸಿಗೆ ಕಾಯಿಲೆಯಾದರೆ "ತವರಿಗೆ ಕಳಿಸು" ಎನ್ನುತ್ತಾರೆ. ಆ ಹೆಣ್ಣುಮಗಳು ಗುಳಿಗೆಯನ್ನು ಬಚ್ಚಿಟ್ಟು, ಕೊನೆಗೆ ಬಿಟ್ಟೇಬಿಡುವುದು ಈ ಭಯದಿಂದಲೇ. ಪತ್ನಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ವಿಚ್ಛೇದನ ಕೇಳಿದ ಪತಿಗೆ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಅದನ್ನು ನಿರಾಕರಿಸಿತು ಎಂಬುದನ್ನು ಇಂಥ ಅತ್ತೆ ಮಾವಂದಿರು ತಿಳಿದಿರಲಿ.

2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಗೆ ತನ್ನ ಚಿಕಿತ್ಸೆಯ ನಿರ್ಧಾರದಲ್ಲಿ ಅಧಿಕಾರ ಕೊಟ್ಟಿದೆ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ "ಮುಂದೆ ನನಗೆ ಕಾಯಿಲೆ ಏರಿದರೆ ಇಂಥ ಚಿಕಿತ್ಸೆ ಕೊಡಿರಿ, ಇಂಥದು ಬೇಡ, ನನ್ನ ಪರವಾಗಿ ಇವರು ಮಾತಾಡಲಿ" ಎಂದು ಮುಂಗಡವಾಗಿ ಬರೆದಿಡಲು ಅವಕಾಶವಿದೆ. ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸುತ್ತದೆ. ಕಾಯಿದೆಯ ಕಾಗದಕ್ಕೂ ಮೊದಲು ಮನೆಯಲ್ಲಿಯೇ ಗಂಡಹೆಂಡಿರು ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದುಕೊಳ್ಳಲಿ: ಕಾಯಿಲೆ ಮರಳುವ ಮೊದಲ ಗುರುತುಗಳು ಯಾವುವು, ಎಷ್ಟು ರಾತ್ರಿ ನಿದ್ರೆ ಕೆಟ್ಟರೆ ವೈದ್ಯರಿಗೆ ಫೋನ್ ಮಾಡಬೇಕು, ಆಗ ಹೊಲದ ಕಾಗದಪತ್ರ, ಬ್ಯಾಂಕಿನ ಕಾರ್ಡು ಯಾರ ಬಳಿ ಇರಬೇಕು, ಮಕ್ಕಳನ್ನು ಯಾರ ಮನೆಗೆ ಕಳಿಸಬೇಕು. ಇದನ್ನು ನೆಮ್ಮದಿಯ ದಿನಗಳಲ್ಲಿ, ಇಬ್ಬರ ಒಪ್ಪಿಗೆಯಿಂದ ಬರೆಯಬೇಕು. ಏರಿದ ಮೇಲೆ ಯಾವ ಮಾತೂ ಕಿವಿಗೆ ಬೀಳದು. ಸಾಯುವ ಮಾತು ಬಂದರೆ ಅದನ್ನು ನಾಟಕವೆನ್ನದೆ, ಒಬ್ಬರನ್ನೇ ಬಿಡದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಪಾಲಕರೂ ಮಾಡಬಹುದು.

ಬಂಧುಗಳೇ, ನಿಮಗೂ ಕೆಲಸವಿದೆ. ನವನಗರಕ್ಕೋ ಧಾರವಾಡಕ್ಕೋ ಹೋಗುವ ದಿನ ಆ ಹೆಣ್ಣುಮಗಳ ಜೊತೆ ಬಸ್ಸು ಹತ್ತಿರಿ. ರಕ್ತಪರೀಕ್ಷೆಯ ಖರ್ಚು ಕೊಡಿರಿ. ಮದುವೆಮನೆಯಲ್ಲಿ ಅವರಿಗೆ ರಾತ್ರಿ ಹತ್ತಕ್ಕೆ ಮಲಗಲು ಒಂದು ಕೋಣೆ ಬಿಟ್ಟುಕೊಡಿರಿ, ಗ್ಲಾಸನ್ನು ದೂರ ಇಡಿರಿ. ನಿದ್ರೆ ಕೆಟ್ಟ ದಿನಗಳಲ್ಲಿ ಎರಡು ರಾತ್ರಿ ನೀವು ಕಾದು, ಅವಳು ಮಲಗಲಿ. ಇವಿಷ್ಟನ್ನು ಮಾಡಿದ ಮೇಲೂ ಗುಳಿಗೆಯ ಬಗೆಗೆ ಹೇಳುವುದು ಉಳಿದಿದ್ದರೆ, ಮದುವೆಯ ಹಂದರದಲ್ಲಿ ಆಡದೆ, ಅವರಿಬ್ಬರೊಡನೆ ವೈದ್ಯರ ಕೋಣೆಗೆ ಹೋಗಿ ಅಲ್ಲಿ ಹೇಳಿರಿ. ಈ ಬರಹ ಓದಿ ಯಾರಿಗಾದರೂ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಮುಂದಿನ ಜಾತ್ರೆಯಲ್ಲಿ ಆ ಸಿಟ್ಟನ್ನು ನನ್ನೆದುರು ತೀರಿಸಿಕೊಳ್ಳಿರಿ, ಗುಳಿಗೆ ನುಂಗುತ್ತಿರುವವರ ತಂಟೆಗೆ ಮಾತ್ರ ಹೋಗಬೇಡಿರಿ.